ಓದಿ ಹೇಳಲಾಗಿದೆ

ಬಾಗಲಗುಂಟೆ
೯ ಜುಲೈ ೨೦೨೫

ಪ್ರೀತಿಯ ಸುಕೃತೀ,

ಕೆಮ್ಮು ಇಳಿಯಿತೇ? ಧಾರವಾಡದ ಜಡಿಮಳೆಯಲ್ಲಿ ಒದ್ದೆ ತಲೆಯಲ್ಲೇ ಲಾ ಕಾಲೇಜಿಗೆ ಓಡಬೇಡ. ಹಾಸ್ಟೆಲಿನ ಊಟ ಸೇರದಿದ್ದರೆ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಇದೆಯಲ್ಲ. ನಾವಿಬ್ಬರೂ ಆರಾಮ. ನಿನ್ನ ಬೀರುವಿನ ಬಾಗಿಲ ಮೇಲೆ ವಕೀಲೆ ನೀಲಾಂಬಿಕಾ ಅವರ ಫೋಟೊ ಹಾಗೆಯೇ ಇದೆ. ಅಮ್ಮ ದೇವರ ಪಟದ ಜೊತೆ ಅದರ ಧೂಳನ್ನೂ ಒರೆಸುತ್ತಾಳೆ.

ಪತ್ರಿಕೆಯಿಂದ ಅದನ್ನು ಕತ್ತರಿಸಿ ತಂದವನು ನಾನೇ, ನಿನಗೆ ನೆನಪಿರಲಾರದು. ಪೀಣ್ಯದ ಗುತ್ತಿಗೆ ಕೆಲಸಗಾರರ ಪರವಾಗಿ ಕೋರ್ಟಿನಲ್ಲಿ ನಿಂತ ಮೊದಲ ಹೆಂಗಸು ಆಕೆ. ಅರ್ಜಿಯನ್ನು ಕಕ್ಷಿದಾರರಿಗೆ ಅವರದೇ ಮಾತಿನಲ್ಲಿ ಓದಿ ಹೇಳಿ, ಅವರು 'ಊಂ, ನನ್ ಮಾತೇಯ' ಅಂದ ಮೇಲೆಯೇ ಸಹಿ ಹಾಕಿಸುತ್ತಾರೆ ಎಂದು ನಿನಗೆ ಕಥೆಯಂತೆ ಹೇಳುತ್ತಿದ್ದೆ. ಹಾಗೆ ಬದುಕಬೇಕೆಂದು ನನಗೂ ಒಂದು ಕಾಲದಲ್ಲಿ ಅನ್ನಿಸಿತ್ತು.

ನಿನ್ನೆ ಕಾರ್ಮಿಕ ನ್ಯಾಯಾಲಯದಲ್ಲಿ ಅವರನ್ನು ಮೊದಲ ಬಾರಿ ಹತ್ತಿರದಿಂದ ಕಂಡೆ. ನಾನು ಕಂಪನಿಯ ಸಾಕ್ಷಿ. ಪ್ರೆಸ್ ಮಷೀನಿನಲ್ಲಿ ಎರಡು ಬೆರಳು ಕಳೆದುಕೊಂಡ ಸಿದ್ದಮ್ಮನನ್ನು ನಿರ್ಲಕ್ಷ್ಯವೆಂದು ಕೆಲಸದಿಂದ ತೆಗೆದಿದ್ದಾರೆ. ಕಂಪನಿಯೊಳಗಿನ ವಿಚಾರಣೆಯಲ್ಲಿ ಅವಳ ಹೇಳಿಕೆ ಬರೆದುಕೊಂಡವನು ನಾನು. ಅವಳು ಅಂದದ್ದು, 'ಮಿಸನ್ನಿಗೆ ಅಡ್ಡ ಜಾಲ್ರಿ ಇರ್ನಿಲ್ಲ ಸಾ, ಎಷ್ಟು ಸತಿ ಏಳಿದ್ದೆ.' ಕಾಗದದಲ್ಲಿರುವುದು, 'ನನ್ನ ನಿರ್ಲಕ್ಷ್ಯದಿಂದಲೇ ಘಟಿಸಿರುತ್ತದೆ.' ಕೊನೆಯಲ್ಲಿ 'ಓದಿ ಹೇಳಲಾಗಿದೆ, ಸರಿಯಿದೆ' ಎಂಬ ಸಾಲು, ಪಕ್ಕದಲ್ಲಿ ಬ್ಯಾಂಡೇಜಿಲ್ಲದ ಕೈಯ ಹೆಬ್ಬೆಟ್ಟು. ಆ ಸಾಲನ್ನು ನಾವು ವಿಚಾರಣೆಗೆ ಮುಂಚೆಯೇ ಟೈಪು ಮಾಡಿಟ್ಟಿರುತ್ತೇವೆ.

ನೀಲಾಂಬಿಕಾ ಆ ಕಾಗದ ಚಾಚಿ, 'ಸಿದ್ದಮ್ಮಂಗೆ ಹೆಂಗೆ ಓದಿ ಹೇಳಿದ್ರೋ ಹಂಗೇ ಒಂದ್ಸಲ ಓದಿ ಸಾರ್' ಎಂದರು. ದನಿ ಏರಿಸಲಿಲ್ಲ. ಕನ್ನಡಕ ತಂದಿಲ್ಲ ಎಂದೆ. ಹಿಂದಿನ ಬೆಂಚಿನಿಂದ ಸಿದ್ದಮ್ಮ, 'ಜೋಬಲ್ಲೇ ಐತಲ್ಲ ಸಾ' ಎಂದಳು, ಸಹಾಯ ಮಾಡುವವಳಂತೆ. ಅಷ್ಟರಲ್ಲಿ ಹೊತ್ತಾಯಿತೆಂದು ನ್ಯಾಯಾಧೀಶರು ಕೇಸನ್ನು ಮುಂದಕ್ಕೆ ಹಾಕಿದರು. ಹೊರಗೆ ಮ್ಯಾನೇಜರ್ ವಿಷ್ಣು, 'ಓದಿದ್ದೆ ಅಂದ್ಬಿಡಿ ಸಾರ್, ಮುಗೀತು. ರಿಟೈರ್ ಆಗೋಕೆ ಇನ್ ಮೂರೇ ವರ್ಷ ಅಲ್ವಾ?' ಎಂದು ನಕ್ಕ. ನಾನೂ ನಕ್ಕೆ.

ಫೋನಿನಲ್ಲಿ ಹೇಳಿದರೆ ನಿನ್ನ ಮೌನ ಕೇಳಿಸುತ್ತದೆ. ಅದಕ್ಕೇ ಕಾಗದ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲವೂ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಪರಮಾನಂದ

ಮರೆತಿದ್ದೆ: ನೀಲಾಂಬಿಕಾ ಅವರ ಆಫೀಸಿನಿಂದ ನಿನ್ನ ಹೆಸರಿಗೆ ಪತ್ರ ಬಂದಿದೆ. ಆಗಸ್ಟ್ ಒಂದರಿಂದ ಅವರ ಬಳಿ ಕೆಲಸ ಕಲಿಯಲು ಬರಹೇಳಿದ್ದಾರೆ. ಖಂಡಿತ ಸೇರಿಕೋ. ನನ್ನ ಮುಂದಿನ ಸಾಕ್ಷಿ ಆಗಸ್ಟ್ ಹನ್ನೆರಡಕ್ಕೆ. ಸಿದ್ದಮ್ಮನಿಗೆ ನಾನು ಏನನ್ನೂ ಓದಿ ಹೇಳಿರಲಿಲ್ಲ. ಆದರೂ ಅಂದು ಓದಿದ್ದೆ ಎಂದೇ ಹೇಳಿಬಿಡುತ್ತೇನೆ ಅನ್ನಿಸುತ್ತದೆ. ಆ ಒಂದು ದಿನ ಕೋರ್ಟಿನಲ್ಲಿ ನೀಲಾಂಬಿಕಾ ಅವರ ಹಿಂದೆ ಕೂರಬೇಡ, ಮಗಳೇ.