ಕೋಟೆಯ ಮೇಲೆ ಕೇಸರಿಬಾತು

ಜುಮೇರಾ ಲೇಕ್ ಟವರ್ಸ್, ದುಬೈ
ಜೂನ್ ೧೪

ಮಾತೃಶ್ರೀ ಅಂಬುಜಮ್ಮನವರಿಗೆ, ಮಗಳು ಮಾನಸಳ ಸಿಟ್ಟಿನ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕಿ ಮಾತು ತೇಲಿಸಿಬಿಡುತ್ತೀ. ಅದಕ್ಕೇ ಬರೆದು, ನಾಳೆ ಮೈಸೂರಿಗೆ ಹೊರಟಿರುವ ಗೆಳತಿ ಮಾರ್ಟಿನಾ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು. ಹೆಣ್ಣು ನೋಡುವ ಶಾಸ್ತ್ರಕ್ಕೆ ಇನ್ನು ಸತ್ತರೂ ಕೂರುವುದಿಲ್ಲ ಅಂತ ಮೈಸೂರಿನಲ್ಲಿ ನಿನ್ನೆದುರೇ ಹೇಳಿರಲಿಲ್ಲವೇ? ಬಂದವರೆಲ್ಲ ಉಪ್ಪಿಟ್ಟು ತಿಂದು, ನನ್ನ ಕೈಲಿ ಹಾಡಿಸಿ, ತಿಳಿಸಿ ಕಳಿಸ್ತೀವಿ ಅಂತ ಹೋದವರು ತಿರುಗಿ ನೋಡಲಿಲ್ಲ. ಆ ಉರಿ ನನಗಿನ್ನೂ ಆರಿಲ್ಲ. ಆಯಿತು ಕಣೇ ಅಂತ ತಲೆಯಾಡಿಸಿದವಳು, ಅಬುಧಾಬಿಯ ನಿನ್ನ ತಂಗಿಯ ಜೊತೆ ಸೇರಿ ನನ್ನನ್ನು ಇಟಲಿಯಲ್ಲಿ ಕೂರಿಸಿದೆಯಲ್ಲ!

ಈದ್ ರಜೆಗೆ ಫ್ಲಾರೆನ್ಸಿಗೆ ಹೋಗೋಣ, ನಮ್ಮ ಪಕ್ಕದ ಫ್ಲಾಟಿನ ರಘುನಂದನ, ಅವರ ತಾಯಿಯೂ ಬರ್ತಾರೆ ಅಂತ ಚಿಕ್ಕಮ್ಮ ಎಷ್ಟು ಸಾಧುವಾಗಿ ಹೇಳಿದರು! ಬೆಲ್ವೆಡೆರೆ ಕೋಟೆ ಹತ್ತುವ ದಿನ ಬೆಳಗ್ಗೆ ಬಾಡಿಗೆ ಮನೆಯಲ್ಲೇ ಉಪ್ಪಿಟ್ಟು, ಕೇಸರಿಬಾತು ಎರಡೂ ಮಾಡಿದರು. ಜೀನ್ಸ್ ಬೇಡ, ಆ ಹಸಿರು ಚೂಡಿದಾರ್ ಹಾಕ್ಕೋ, ಫೋಟೋಗೆ ಚೆನ್ನಾಗಿರುತ್ತೆ ಅಂದರು. ಹಾಕಿಕೊಂಡೆ, ಪೆದ್ದಿ.

ಕೋಟೆ ಚೆನ್ನಾಗಿದೆ ಅಮ್ಮ, ಸುಳ್ಳೇಕೆ ಹೇಳಲಿ. ಕೆಳಗೆ ಹೊಳೆ, ಅದರಾಚೆ ಕೆಂಪು ಹೆಂಚಿನ ಊರು, ನಡುವೆ ಚರ್ಚಿನ ದೊಡ್ಡ ಗುಮ್ಮಟ. ನಾನೂರು ವರ್ಷದ ಹಿಂದೆ ಅಲ್ಲಿನ ದೊರೆ ಇದನ್ನು ಹೊರಗಿನ ಶತ್ರುಗಳಿಗಷ್ಟೇ ಅಲ್ಲ, ಊರಿನವರಿಗೂ ಹೆದರಿ ಕಟ್ಟಿಸಿದನಂತೆ. ಮನೆಯವರೇ ಸಂಚು ಮಾಡಿದರೆ ಯಾವ ಕೋಟೆ ತಾನೇ ಕಾಯುತ್ತೆ?

ಹುಲ್ಲಿನ ಮೇಲೆ ಕುಳಿತೆವು. ಎಲ್ಲರಿಗೂ ನೀನೇ ಕೊಡು ಅಂತ ಚಿಕ್ಕಮ್ಮ ಡಬ್ಬಿ ನನ್ನ ಕೈಗಿಟ್ಟರು. ಕೊಟ್ಟೆ. ರಘುನಂದನರ ತಾಯಿ ಬಾಯಿ ಒರೆಸಿಕೊಂಡು, ಒಂದು ಹಾಡು ಹೇಳಮ್ಮ ಅಂದರು ನೋಡು, ಆಗ ನನಗೆ ನಿಮ್ಮ ಸಂಚು ಹೊಳೆಯಿತು. ಉಪ್ಪಿಟ್ಟು, ಕೇಸರಿಬಾತು, ಹಾಡು! ಪಾಪ, ಮಗನಿಗೂ ಆಗಲೇ ಗೊತ್ತಾದದ್ದು. ಕೇಸರಿಬಾತು ನೆತ್ತಿಗೆ ಹತ್ತಿ ಕೆಮ್ಮುತ್ತಿದ್ದರು.

ಎದ್ದು ಹೋಗಿಬಿಡುತ್ತಿದ್ದೆ. ಅಷ್ಟರಲ್ಲಿ ಅವರೇ, ಹೆಣ್ಣಿಗೊಂದು ನ್ಯಾಯ ಗಂಡಿಗೊಂದು ನ್ಯಾಯ ಯಾಕೆ, ನಾನೇ ಹಾಡ್ತೀನಿ ಅಂತ ಶುರುಮಾಡಿದರು. ಅಯ್ಯೋ, ಆ ರಾಗವೋ! ಪಾರಿವಾಳಗಳು ಹಾರಿಹೋದವು. ಪಕ್ಕದಲ್ಲಿ ಕುಳಿತಿದ್ದ ಯಾವುದೋ ದೇಶದ ಅಜ್ಜಿ ಚಪ್ಪಾಳೆ ತಟ್ಟಿದರು. ನನಗೂ ಧೈರ್ಯ ಬಂತು. ನಿನ್ನನ್ನು ನೋಡಲು ಬಂದಾಗ ಕಾಲು ಸರಿಯಿದೆಯೋ ಇಲ್ಲವೋ ಅಂತ ನಡೆಸಿ ನೋಡಿದ್ದರಂತಲ್ಲ? ಸ್ವಲ್ಪ ನಡೆದು ತೋರಿಸಿ ಅಂದೆ. ಚಿಕ್ಕಮ್ಮ ಹಣೆ ಚಚ್ಚಿಕೊಂಡರು. ರಘುನಂದನ ಮಾತ್ರ ತಲೆ ತಗ್ಗಿಸಿ, ಮೆಲ್ಲಗೆ ಹೆಜ್ಜೆಯಿಟ್ಟು ಕೋಟೆಗೋಡೆಯವರೆಗೂ ಹೋಗಿ ಬಂದರು. ಅವರ ತಾಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ನಾನೇ, ತಿಳಿಸಿ ಕಳಿಸ್ತೀವಿ ಅಂದೆ. ಎಷ್ಟು ವರ್ಷದ ಭಾರ ಇಳಿಯಿತು ಗೊತ್ತಾ ಅಮ್ಮ!

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಮಗಳು,
ಮಾನಸ

ಮರೆತಿದ್ದೆ: ಮುಂದಿನ ಭಾನುವಾರ ರಘುನಂದನ ಉತ್ತರ ಕೇಳಲು ಇಲ್ಲಿಗೆ ಬರುತ್ತಿದ್ದಾರೆ. ಈ ಸಲ ಕೇಸರಿಬಾತು ಅವರೇ ಮಾಡಿ ತರಬೇಕು ಅಂದಿದ್ದೇನೆ. ಒಂದು ಲೋಟ ರವೆಗೆ ಸಕ್ಕರೆ ಎಷ್ಟು ಅಂತ ನನ್ನನ್ನೇ ಕೇಳುತ್ತಿದ್ದಾರೆ, ನನಗೆಲ್ಲಿ ಗೊತ್ತು? ಬೇಗ ಫೋನ್ ಮಾಡು. ಗಂಟು ಕಟ್ಟಿದ್ದರೂ, ಸಪ್ಪಗಿದ್ದರೂ ನಾನಂತೂ ಒಪ್ಪಿಕೊಳ್ಳುವವಳೇ. ಅದನ್ನು ಮಾತ್ರ ಚಿಕ್ಕಮ್ಮನಿಗೆ ಹೇಳಬೇಡ.