ಛುಂದೋ ಜಾಡಿಯ ಬೂಷ್ಟು

ಮೇದಿನಿ ಅಕ್ಕಾ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಆದರೂ ಸುದ್ದಿಯನ್ನು ಮೊದಲು ನಿಮಗೇ ಹೇಳಬೇಕು: ನಿಮ್ಮ ಬೂಷ್ಟು ಇವತ್ತು ಬೆಳೆಯಿತು. ತಟ್ಟೆಯ ತುಂಬ, ಹಿಂಜಿದ ಹತ್ತಿಯ ಹಾಗೆ.

ನೀವು ಗೋರ್ವಾದ ಈ ಲ್ಯಾಬ್ ಬಿಟ್ಟು ಉಧ್ನಾದ ಬಣ್ಣದ ಕಾರ್ಖಾನೆಗೆ ಸೇರಿ ಎರಡು ವರ್ಷವಾಯಿತು. ಗಾಳಿಯಲ್ಲಿರುವ ಚೂರು ಕಾರ್ಬನ್ ಡೈಆಕ್ಸೈಡನ್ನೂ ಹಿಡಿದು ಬಳಸಿಕೊಳ್ಳಲು ನೆರವಾಗುವ ಕಿಣ್ವ ಇಲ್ಲದ ಬೂಷ್ಟಿನ ಆ ತಳಿ ಬೆಳೆಯದೆ ಕೂತಾಗ ನಾವೆಲ್ಲ ಸತ್ತಿದೆ ಅಂದೆವು. ನೀವೊಬ್ಬರೇ, “ಸತ್ತಿಲ್ಲ, ಅದಕ್ಕ ಈ ಗಾಳಿಯೊಳಗಿನ ಅನಿಲ ಸಾಲವಲ್ದು” ಅಂದಿರಿ. ದುಬಾರಿ ಯಂತ್ರ ನಮ್ಮಲ್ಲಿರಲಿಲ್ಲ. ಛುಂದೋ ಉಪ್ಪಿನಕಾಯಿಯ ಖಾಲಿ ಗಾಜಿನ ಜಾಡಿಯಲ್ಲಿ ತಟ್ಟೆಗಳನ್ನಿಟ್ಟು, ಮೇಣದಬತ್ತಿ ಹಚ್ಚಿ, ಮುಚ್ಚಳ ಬಿಗಿದಿರಿ. ಬತ್ತಿ ಉರಿದು ಆರುವಷ್ಟರಲ್ಲಿ ಒಳಗೆ ಬೇಕಾದಷ್ಟು ಅನಿಲ! ಅಂಥ ತಲೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ.

ತಂಗಿಯ ಮದುವೆಗೆ ಧಾರವಾಡಕ್ಕೆ ಹೊರಟಾಗ ಹೇಳಿದ್ದಿರಿ: “ನಿಶ್ಚಿತಾ, ನಾಲ್ಕು ದಿನ ಮುಚ್ಚಳ ತಗೀಬ್ಯಾಡ.”

ನಾನು ದಿನಾ ತೆಗೆದು ನೋಡಿದೆ. ಒಳಗಿನ ಅನಿಲ ದಿನಾ ಹೊರಗೆ ಹೋಯಿತು. ನೀವು ಬಂದಾಗ ತಟ್ಟೆಗಳು ಖಾಲಿ. ನಿಮ್ಮ ಊಹೆಯೇ ತಪ್ಪೆಂದು ಸರ್ ಎಲ್ಲರೆದುರು ಅಂದರು.

ಈ ಸಲ ನಿಮ್ಮ ಹಾಗೆಯೇ ಬತ್ತಿ ಹಚ್ಚಿ, ಮುಚ್ಚಳ ಬಿಗಿದು, ಜಾಡಿಗೆ ಬಟ್ಟೆ ಹೊದಿಸಿ ನಾಲ್ಕು ದಿನ ಅದರತ್ತ ಹೋಗಲೇ ಇಲ್ಲ. ಬೆಳಿಗ್ಗೆ ತಟ್ಟೆಗಳನ್ನು ಹೊರತೆಗೆದು ಜಾಡಿ ತೊಳೆದಿಡುವಷ್ಟರಲ್ಲಿ ಸರ್ ಬಂದರು, ತಟ್ಟೆ ನೋಡಿ ಬೆರಗಾದರು.

“ಯಾರ ಐಡಿಯಾ ಇದು?”

ನಿಮ್ಮ ಹೆಸರು ಹೇಳಿದೆ.

“ಆದರೆ ಅವಳ ಜಾಡಿಯಲ್ಲಿ ಏನೂ ಬೆಳೆದಿರಲಿಲ್ಲವಲ್ಲ, ಯಾಕೆ?”

ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿ, ಆಗಲೇ ತೊಳೆದಿಟ್ಟಿದ್ದ ಜಾಡಿಯನ್ನು ಮತ್ತೆ ತೊಳೆಯತೊಡಗಿದೆ.