ಕೆಂಪು ಗೆರೆ ಬೀಳದ ಕಾರ್ಡು

ಮನೆಯಿಂದ,
ಹನ್ನೆರಡನೇ ತಾರೀಕು, ಬೆಳಿಗ್ಗೆ

ನನ್ನ ದೊಡ್ಡವನೇ,

ಅಮ್ಮನ ಆಶೀರ್ವಾದಗಳು. ಕೆಮ್ಮು ಹೇಗಿದೆ? ಸುರಂಗದೊಳಗೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ, ಹಟದಲ್ಲಿ ಥೇಟ್ ನಿಮ್ಮಪ್ಪ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಹೆಂಡತಿ ಹೋದ ಸುದ್ದಿಯನ್ನು ಮೇಸ್ತ್ರಿ ಹೇಳಿದನಂತೆ. ಹೇಗಾಯಿತು ಎಂದು ಕೇಳಿ ಬರೆದಿದ್ದೀಯ. ಹತ್ತು ಜನರ ಬಾಯಲ್ಲಿ ಹತ್ತು ಥರ ಕೇಳುವ ಬದಲು ನನ್ನಿಂದಲೇ ಕೇಳು.

ಆಸ್ಪತ್ರೆಗೆ ನಡೆದರೆ ಅರ್ಧ ದಿನದ ಬೆಟ್ಟದ ದಾರಿಯಲ್ಲವೇ, ಅದಕ್ಕೇ ಈಗ ಅದರ ಪಕ್ಕದಲ್ಲಿ ಬಸುರಿಯರಿಗೆಂದು ಒಂದು ಮನೆ ಕಟ್ಟಿದ್ದಾರೆ. ತಿಂಗಳಿಗೊಮ್ಮೆ ನರ್ಸಮ್ಮ ಜೀಪಿನಲ್ಲಿ ಬಂದು, ಶಾಲೆಯ ಜಗಲಿಯಲ್ಲಿ ಕೂತು ಬಿಪಿ ನೋಡುತ್ತಾಳೆ. ಹೆಚ್ಚಿದ್ದವರ ಕಾರ್ಡಿನ ಮೇಲೆ ಕೆಂಪು ಗೆರೆ ಎಳೆದು, ಹೆರಿಗೆಯಾಗುವ ತನಕ ಅಲ್ಲೇ ಇರಲಿ ಎಂದು ಕರೆದುಕೊಂಡು ಹೋಗುತ್ತಾಳೆ. ಊಟ, ಹಾಸಿಗೆ ಎಲ್ಲ ಪುಕ್ಕಟೆ. ಕೇಳಿಕೊಂಡರೆ ಗೆರೆ ಇಲ್ಲದವರನ್ನೂ ಸೇರಿಸಿಕೊಳ್ಳುತ್ತಾರೆ. ಹಿಂಜಿದ ಉಣ್ಣೆ ಒಯ್ಯುವ ಲಾರಿ ಬರಲು ಹದಿನೈದು ದಿನವಿದೆ ಎನ್ನುವಾಗ ನಿನ್ನ ಹೆಂಡತಿಯ ಕಾಲು ಬಾತುಕೊಂಡಿತು, ಮುಖವೂ ಊದಿತು. ತಲೆನೋವು ಎಂದು ದಿನವೂ ಅದೇ ರಾಗ. ನಿಮ್ಮಿಬ್ಬರನ್ನು ಹೆರುವಾಗ ನನ್ನ ತಲೆ ಯಾರು ಒತ್ತಿದ್ದರು? ಉಣ್ಣೆ ಹಿಂಜುವುದರಲ್ಲಿ ಅವಳ ಕೈ ಚುರುಕು, ಇಲ್ಲವೆನ್ನುವುದಿಲ್ಲ. ಅವಳು ಎದ್ದು ಹೋದರೆ ಅಷ್ಟು ಮೂಟೆ ಯಾರು ಮುಗಿಸಬೇಕಿತ್ತು? ಲಾರಿ ಹೋಗುವ ತನಕ ಅವಳನ್ನು ಎಲ್ಲಿಗೂ ಕಳಿಸಬೇಡ ಎಂದು ನೀನೂ ಬರೆದಿದ್ದೆ. ಆ ಪತ್ರ ನನ್ನ ಟ್ರಂಕಿನಲ್ಲಿ ಜೋಪಾನವಾಗಿದೆ.

ಈ ಸಲ ಬಂದ ನರ್ಸಮ್ಮ ಹೊಸಬಳು, ಯಾರ ಮುಖವೂ ಗೊತ್ತಿಲ್ಲ. ನಿನ್ನ ತಂಗಿಗೂ ಎಂಟು ತಿಂಗಳಲ್ಲವೇ. ಬೆಳಿಗ್ಗೆ ತನ್ನ ಕಾರ್ಡು ಹಿಡಿದು ಹೋಗಿಬಂದಳು. ಮಧ್ಯಾಹ್ನ ತಲೆಗೆ ಬಟ್ಟೆ ಕಟ್ಟಿಕೊಂಡು ಅತ್ತಿಗೆಯ ಕಾರ್ಡು ಹಿಡಿದು ಹೋದಳು. ಒಂಬತ್ತು ತಿಂಗಳಿಗೆ ಹೊಟ್ಟೆ ಸಣ್ಣದಾಯಿತು ಎಂದು ನರ್ಸಮ್ಮ ಹುಬ್ಬು ಗಂಟಿಕ್ಕಿದಳಂತೆ, ಅಷ್ಟೇ. ಕಾರ್ಡಿನ ಮೇಲೆ ಗೆರೆ ಬೀಳಲಿಲ್ಲ. ಈ ಉಪಾಯ ನಮ್ಮ ಓಣಿಗೆ ಹೊಸದೇನಲ್ಲ, ಸುಗ್ಗಿಯ ಕಾಲದಲ್ಲಿ ಎಲ್ಲರೂ ಮಾಡಿದ್ದಾರೆ. ಸಂಜೆ ತಂಗಿ ನರ್ಸಮ್ಮನ ಮಾತನ್ನು ಅಣಕಿಸಿ ತೋರಿಸಿದಾಗ ನಿನ್ನ ಹೆಂಡತಿಯೂ ನಕ್ಕಳು. ಆಮೇಲೆ ಮೂಟೆಯ ಮೇಲೆ ಕೈಯಿಟ್ಟುಕೊಂಡು, "ನಾನೇ ಒಂದ್ಸಲ ತೋರಿಸ್ಕೊಂಡು ಬರ್ಲಾ ಅತ್ತೆ, ಕಣ್ಣು ಮಂಜಾಗ್ತಿದೆ" ಎಂದಳು. ನಿನ್ನದು ಆಗಿಹೋಯಿತಲ್ಲ, ಎರಡೆರಡು ಸಲ ಯಾರು ನೋಡುತ್ತಾರೆ ಎಂದೆ. ಮತ್ತೆ ಹಿಂಜಲು ಕೂತಳು. ಮಾತು ಕೇಳುವ ಹುಡುಗಿ, ಪಾಪ.

ನಾಲ್ಕನೇ ತಾರೀಕು ಮುಂಜಾನೆ ಅವಳಿಗೆ ಫಿಟ್ಸ್ ಬಂತು. ಆಸ್ಪತ್ರೆಗೆ ಫೋನು ಮಾಡಿಸಿದೆ. ಅಲ್ಲಿರುವುದು ಒಂದೇ ಜೀಪು. ಕೆಳಗಿನ ಹಳ್ಳಿಯಲ್ಲಿ, ಆ ಬಸುರಿಯರ ಮನೆಗೆ ಹೋಗಲೊಪ್ಪದೆ ಉಳಿದಿದ್ದ ಇನ್ನೊಬ್ಬಳಿಗೂ ನೋವು ಎದ್ದಿತ್ತಂತೆ. ನರ್ಸಮ್ಮ ಪುಸ್ತಕ ತೆಗೆದು ನೋಡಿದಳಂತೆ. ಆ ಇನ್ನೊಬ್ಬಳಿಗೆ ಕೆಂಪು ಗೆರೆ, ನಮ್ಮವಳಿಗೆ ಇಲ್ಲ. ಜೀಪು ಮೊದಲು ಅಲ್ಲಿಗೆ ಹೋಯಿತು. ನಮ್ಮಲ್ಲಿಗೆ ಬಂದಾಗ ಮಧ್ಯಾಹ್ನ. ಆಸ್ಪತ್ರೆಯಲ್ಲಿ ಮಗುವನ್ನು ತೆಗೆದರು, ಇವಳು ಉಳಿಯಲಿಲ್ಲ. ಹೆಣ್ಣು ಮಗು, ಇನ್ನೂ ಅಲ್ಲೇ ಇದೆ, ಹಾಲು ಕುಡಿಯುತ್ತಿಲ್ಲವಂತೆ. ನನಗೂ ಕರುಳಿದೆ, ಎರಡು ದಿನ ತುತ್ತು ಇಳಿಯಲಿಲ್ಲ. "ಕಾರ್ಡಲ್ಲಿ ಎಲ್ಲಾ ಸರಿಯಾಗೇ ಇತ್ತಲ್ಲಮ್ಮ" ಎಂದು ನರ್ಸಮ್ಮ ನನ್ನ ಕೈಹಿಡಿದು ಅತ್ತಳು. ನಾನು ತುಟಿ ಬಿಚ್ಚಲಿಲ್ಲ. ಅವಳನ್ನು ಕೆಲಸದಿಂದ ತೆಗೆದರಂತೆ. ಓದಿದವಳು, ಮುಖ ನೋಡಿ ಕೆಲಸ ಮಾಡಬೇಕಿತ್ತು.

ವಿಚಾರಣೆಯವರು ನಿನಗೂ ಬರೆಯಬಹುದು. ಬಸುರಿಯರ ಮನೆಗೆ ಹೋಗಲು ನಿನ್ನ ಹೆಂಡತಿಯೇ ಒಪ್ಪಲಿಲ್ಲ ಎಂದು ಬರೆದುಬಿಡು. ನಿನ್ನ ಪತ್ರ ಯಾರ ಕೈಗೂ ಸಿಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಲಾರಿ ತುಂಬಿಯೇ ಹೋಯಿತು. ಮೇಸ್ತ್ರಿಯನ್ನು ಕೇಳಿದೆನೆಂದು ಹೇಳು. ನೂರು ವರ್ಷ ಬಾಳು.

ನಿನ್ನ ಅಮ್ಮ

ಪುನಶ್ಚ: ಜೀಪು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ, ಎರಡೇ ಮಾತು. ನಿನ್ನ ತಂಗಿಯನ್ನು ಇವತ್ತೇ ಆ ಬಸುರಿಯರ ಮನೆಗೆ ಸೇರಿಸಲು ಕರೆದುಕೊಂಡು ಹೊರಟಿದ್ದೇನೆ. ಅವಳ ಬಿಪಿ ಸರಿಯಾಗಿದೆ, ಕಾಲೂ ಬಾತಿಲ್ಲ. ಆದರೂ ಹೆತ್ತ ಮಗಳ ವಿಷಯದಲ್ಲಿ ಉದಾಸೀನ ಮಾಡಲಿಕ್ಕಾಗುತ್ತದೆಯೇ?